ಆಸಿಲೋಸ್ಕೋಪಿನ ಸ್ಮೃತಿಭ್ರಂಶ: ಒಂದು ಕಿರು ಮೀಮಾಂಸೆ

ಅಳತೆಯ ಯಂತ್ರಗಳಿಗೆ ಪೂರ್ವಜನ್ಮದ ನೆನಪಿರುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ತಾರ್ಕಿಕರು ಕೈಗೆತ್ತಿಕೊಳ್ಳದೆ ಬಿಟ್ಟದ್ದು ಕನ್ನಡ ಪಾಂಡಿತ್ಯಕ್ಕೆ ಆಗಿರುವ ದೊಡ್ಡ ನಷ್ಟ. ಅದನ್ನು ತುಂಬಿಕೊಡುವುದು ಈ ಪ್ರಬಂಧದ ಸಂಕಲ್ಪ. ವಾದಕ್ಕೆ ಎತ್ತಿಕೊಂಡಿರುವುದು ಬೆಂಗಳೂರಿನ ಯಾವುದೋ ಒಂದು ಲ್ಯಾಬಿನ ಮೇಜಿನ ಮೇಲೆ ಕೂತಿರುವ ಡಿಜಿಟಲ್ ಆಸಿಲೋಸ್ಕೋಪು. ಕಾಲಕ್ರಮದಲ್ಲಿ ಅದು ಕ್ಯಾಲಿಬ್ರೇಷನ್‌ಗೆ, ರಿಪೇರಿಗೆ, ಕಡೆಗೆ ಹಳೆ ಯಂತ್ರಗಳ ಸಂತೆಯಾದ ಎಸ್.ಪಿ. ರಸ್ತೆಗೆ ಹೊರಡುತ್ತದೆ. ಹೋಗುವಾಗ ಏನೇನು ಹೊತ್ತೊಯ್ಯುತ್ತದೆ ಎಂಬುದೇ ಜಿಜ್ಞಾಸೆ.

ಪೂರ್ವಪಕ್ಷದಲ್ಲಿ ಮೊದಲು ಎದ್ದು ನಿಲ್ಲುವವರು ಸ್ವಿಚ್ಚುವಾದಿಗಳು. ಕರೆಂಟು ಹೋದರೆ ನೆನಪೂ ಹೋಯಿತು ಎಂಬುದು ಇವರ ಮತ. ಡಿರ್ಯಾಮಿನ ಮಟ್ಟಿಗೆ ಇದು ನಿಜ. ಫ್ಲ್ಯಾಶ್, ಇಇಪ್ರಾಮ್ ಚಿಪ್ಪುಗಳು ಕರೆಂಟಿನ ಹಂಗಿಲ್ಲದೆ ಎಲ್ಲವನ್ನೂ ಕಾಪಾಡಿಕೊಂಡಿರುತ್ತವೆ ಎಂಬುದು ಇವರ ಗಮನಕ್ಕೆ ಬಂದಿಲ್ಲ.

ಇವರಿಗಿಂತ ಬಲಿಷ್ಠರು ಡಿಫಾಲ್ಟ್‌ವಾದಿಗಳು. ‘ಡಿಫಾಲ್ಟ್ ಸೆಟಪ್’ ಗುಂಡಿ ಒತ್ತುತ್ತಾರೆ, ಪರದೆ ಹೊಚ್ಚ ಹೊಸದರಂತೆ ಕಾಣುತ್ತದೆ, ಪಾಪ ತೊಳೆಯಿತೆಂದು ಗೇಟ್‌ಪಾಸ್ ಬರೆಯುತ್ತಾರೆ. ಆ ಗುಂಡಿ ಬದಲಿಸುವುದು ಈಗಿನ ಸೆಟ್ಟಿಂಗುಗಳನ್ನಷ್ಟೇ. ಉಳಿಸಿಟ್ಟ ಸೆಟಪ್ಪು, ರೆಫರೆನ್ಸ್ ಅಲೆಗಳ ತಂಟೆಗೆ ಹೋಗುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಕೊಂಡವನು ‘ರೆಫ್’ ಒತ್ತಿದರೆ ಸಾಕು, ಹಿಂದಿನ ಯಜಮಾನನ ಸಿಗ್ನಲ್ಲು ಬಿಳಿ ಗೆರೆಯಾಗಿ ಎದ್ದು ಬರುತ್ತದೆ. ಫೈಲುಗಳ ಪಟ್ಟಿಯಲ್ಲಿ ‘ಫೈನಲ್’, ‘ಫೈನಲ್2’, ‘ಇದೇ_ಫೈನಲ್’ ಸಾಲಾಗಿ ನಿಂತಿರುತ್ತವೆ. ಸ್ಪೆಕ್ಟ್ರಮ್ ಅನಲೈಸರಿನ ಕಥೆ ಇನ್ನೂ ಕಷ್ಟ. ಅಲ್ಲಿ ಸಿಗ್ನಲ್ಲೇ ಬೇಕಿಲ್ಲ. ಉಳಿಸಿಟ್ಟ ಸೆಂಟರ್ ಫ್ರೀಕ್ವೆನ್ಸಿಯೊಂದೇ ನೀವು ಯಾವ ರೇಡಿಯೋ ಕಟ್ಟುತ್ತಿದ್ದಿರಿ ಎಂದು ಚಾಡಿ ಹೇಳುತ್ತದೆ.

ಇನ್ನು ರಕ್ಷಣಾ ಪ್ರಕರಣ. 1975ರಲ್ಲಿ ಅಳತೆಯ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಐಟ್ರಿಪಲ್‌ಇ-488 ಬಸ್ಸು ಮಾನಕವಾದಾಗ ಭದ್ರತೆಯೆಲ್ಲ ಕೇಬಲ್ಲಿನಲ್ಲೇ ಇತ್ತು: ಒಟ್ಟು ಉದ್ದ 20 ಮೀಟರ್ ಮೀರುವಂತಿರಲಿಲ್ಲ, ಕಳ್ಳನಾದವನು ಪಕ್ಕದ ಸ್ಟೂಲಿನಲ್ಲೇ ಕೂರಬೇಕಿತ್ತು. ಆ ಕಾಲದ ನಂಬಿಕೆಯನ್ನೇ ಈಗ ಲ್ಯಾನ್‌ಗೂ ಹೊದಿಸಿದ್ದೇವೆ. 5025ನೇ ಪೋರ್ಟಿಗೆ ಬಂದು ಯಾರು ‘ಐಡಿಎನ್’ ಎಂದು ಕೇಳಿದರೂ ಬಹಳಷ್ಟು ಯಂತ್ರಗಳು ಪಾಸ್‌ವರ್ಡಿನ ಗೊಡವೆಯಿಲ್ಲದೆ ತಯಾರಕ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ಎಂದು ಉಪನಯನದ ವಟುವಿನಂತೆ ಪ್ರವರ ಒಪ್ಪಿಸುತ್ತವೆ. ಕೆಲವು ಹಳೆಯ ದುಬಾರಿ ಸ್ಕೋಪುಗಳ ಹೊಟ್ಟೆಯೊಳಗೆ ವಿಂಡೋಸ್ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಅದರ ಕೈಬಿಟ್ಟಿತು. ಸ್ಕೋಪು ಗಟ್ಟಿಮುಟ್ಟಾಗಿದೆ, ಅದನ್ನು ಎಸೆಯಲು ಯಾವ ಲೆಕ್ಕಾಧಿಕಾರಿ ಒಪ್ಪುತ್ತಾನೆ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶವು ಪ್ಯಾಚ್ ಹಾಕದ ವಿಂಡೋಸುಗಳನ್ನು ಹುಡುಕಿಕೊಂಡು ಲೋಕ ಸುತ್ತಿಬಂತು. ಇಷ್ಟಾದರೂ ಲ್ಯಾಬಿಗೆಲ್ಲ ಪೆನ್‌ಡ್ರೈವ್ ಒಂದೇ. ದಾರ ಕಟ್ಟಿ ಮೊಳೆಗೆ ನೇತುಹಾಕಿರುವ ಅದು ಸ್ಕೋಪಿನಿಂದ ಸ್ಕೋಪಿಗೆ ಓಡಾಡುತ್ತ, ನಡುವೆ ಜೆರಾಕ್ಸ್ ಅಂಗಡಿಗೂ ಹೋಗಿಬರುತ್ತದೆ.

ಸಿದ್ಧಾಂತಕ್ಕೆ ಬರೋಣ. ಅಮೆರಿಕದ ಎನ್‌ಐಎಸ್‌ಟಿ ಹೊರತಂದ 800-88 ಎಂಬ ಧರ್ಮಶಾಸ್ತ್ರವು ಸ್ಮೃತಿನಾಶಕ್ಕೆ ಮೂರು ಸಂಸ್ಕಾರಗಳನ್ನು ವಿಧಿಸುತ್ತದೆ: ಕ್ಲಿಯರ್, ಪರ್ಜ್, ಡೆಸ್ಟ್ರಾಯ್. ಮೊದಲನೆಯದು ಮಾಮೂಲಿ ಉಪಾಯಗಳಿಗೆ ಸಿಗದಂತೆ ಒರೆಸುವುದು. ಎರಡನೆಯದು ಪರಿಣತರ ಲ್ಯಾಬಿಗೂ ಎತ್ತಲಾಗದಂತೆ ಅಳಿಸುವುದು. ಮೂರನೆಯದಕ್ಕೆ ಭಾಷ್ಯ ಬೇಡ. ಯಾವ ಚಿಪ್ಪಿನಲ್ಲಿ ಏನು ಉಳಿಯುತ್ತದೆ, ಹೇಗೆ ಅಳಿಸಬೇಕು ಎಂದು ದೊಡ್ಡ ತಯಾರಕರು ಮಾಡೆಲ್‌ವಾರು ಪತ್ರವನ್ನೇ ಪ್ರಕಟಿಸುತ್ತಾರೆ. ಟೆಕ್ಟ್ರಾನಿಕ್ಸ್‌ನ ಅನೇಕ ಸ್ಕೋಪುಗಳಲ್ಲಿ ‘ಟೆಕ್‌ಸೆಕ್ಯೂರ್’ ಎಂಬ ಆಯ್ಕೆಯಿದ್ದು, ಉಳಿಸಿಟ್ಟ ಅಲೆ, ಸೆಟಪ್ಪುಗಳನ್ನು ಅದು ಒರೆಸಿಹಾಕುತ್ತದೆ. ಮಡಿ ಅತಿಯಾಗಿ ಚಿಪ್ಪುಗಳನ್ನು ತಾವೇ ಅಳಿಸಲು ಹೊರಟವರಿಗೆ ಮಾತ್ರ ಒಂದು ಎಚ್ಚರಿಕೆ: ಕ್ಯಾಲಿಬ್ರೇಷನ್ನಿನ ಅಂಕಿಗಳೂ ಅಂಥ ಮೆಮೊರಿಯಲ್ಲೇ ಇರುತ್ತವೆ. ಅವು ಹೋದರೆ ಯಂತ್ರ ಪರಿಶುದ್ಧ, ಅಳತೆ ಅಧ್ವಾನ.

ಆದ್ದರಿಂದ ವಿದ್ವಜ್ಜನರಲ್ಲಿ ವಿನಂತಿ: ಯಂತ್ರವನ್ನು ಗೇಟು ದಾಟಿಸುವ ಮೊದಲು ತಯಾರಕರ ಆ ಪತ್ರ ತರಿಸಿ ಓದಿ. ಡಿಸ್ಕು ಕಳಚುವಂಥದ್ದಾದರೆ ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಸ್ಕೋಪಿನ ಹಣೆಗೆ ಅಂಟಿಸಿರುವ ಪಾಸ್‌ವರ್ಡ್ ಚೀಟಿಯನ್ನು ಇವತ್ತೇ ಕಿತ್ತುಹಾಕಿ.