ರಾಮುಗೊಂದು ಪುಸ್ತಕ

ಮೊನ್ನೆ ರಾತ್ರಿ ಹನ್ನೆರಡಾದರೂ ನಮ್ಮ ನಡುಮನೆಯ ದೀಪ ಆರಿರಲಿಲ್ಲವಂತೆ. ಇವತ್ತು ಬೆಳಗ್ಗೆ ಪಕ್ಕದ ಮನೆ ಅಕ್ಕ ಕಾಂಪೌಂಡ್ ಗೋಡೆಯ ಆಚೆಯಿಂದಲೇ ವಿಚಾರಿಸಿಕೊಂಡರು. "ಏನ್ರೀ, ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಹುಷಾರಾಗಿದ್ದಾರೆ ಅಕ್ಕ, ಕಂಬಳಿ ಮುಗಿದಿರಲಿಲ್ಲ."

ಸಂಡಿಗೆ ಒಣಹಾಕಲು ಹೊರಟಿದ್ದವರು ತಟ್ಟೆಯನ್ನು ಗೋಡೆ ಮೇಲೆ ಇಟ್ಟರು. ಅಕ್ಕ ತಟ್ಟೆ ಕೆಳಗಿಟ್ಟರು ಅಂದರೆ ಮಾತಿಗೆ ಅರ್ಧ ಗಂಟೆ ಸಿಕ್ಕಿತು ಅಂತಲೇ ಅರ್ಥ. ಕಂಬಳಿ ನೇಯುತ್ತಿಲ್ಲ, ಬರೆಯುತ್ತಿದ್ದೇನೆ. ಅದೂ ಕಾಗದದ ಮೇಲಲ್ಲ, ಮಗಳು ಬಿಟ್ಟುಹೋದ ಹಳೇ ಟ್ಯಾಬ್ ಮೇಲೆ. ಆ ಕಂಬಳಿ ಹೊದ್ದುಕೊಂಡವನು 'ಬೆಟ್ಟದ ಹೂವು' ಸಿನಿಮಾದ ರಾಮು ಅಂತ ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಆಗಲೇ ತುಂಬಿತ್ತು. ನಮ್ಮ ವಯಸ್ಸಿನವರಿಗೆ ಆ ಹುಡುಗನ ಹೆಸರು ಹೇಳಿದರೆ ಸಾಕು, ಅಲ್ವಾ?

1985ರ ಸಿನಿಮಾ. ನಾನು ನೋಡಿದ್ದು ಥಿಯೇಟರಿನಲ್ಲಲ್ಲ, ದೂರದರ್ಶನದಲ್ಲಿ ಭಾನುವಾರ ಸಂಜೆ. ಕೇರಿಗೆಲ್ಲ ಒಂದೇ ಟಿವಿ, ಆ ಮನೆಯ ಜಗಲಿಯಿಂದ ಅಡುಗೆಮನೆ ಬಾಗಿಲವರೆಗೂ ಜನ. ಸೀತಾಫಲ ತಿನ್ನುತ್ತಾ ಕೂತಿದ್ದವರು ಬೀಜ ಉಗಿಯುವುದನ್ನೂ ಮರೆತಿದ್ದರು. ಬೆಟ್ಟ ಹತ್ತಿ ಹೂವು ತಂದು ಒಬ್ಬ ಮೇಡಮ್ಮಿಗೆ ಮಾರಿ, ಕಾಸಿಗೆ ಕಾಸು ಕೂಡಿಸಿ, 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಹಂಬಲಿಸಿದ ಹುಡುಗ. ಕೂಡಿಟ್ಟ ದುಡ್ಡಿಗೆ ಕಡೆಗೆ ಬಂದದ್ದು ಕಂಬಳಿ. ಆವತ್ತು ಮನೆಗೆ ಬಂದು ನಾನು ಅಮ್ಮನ ಹತ್ತಿರ ಜಗಳ ಆಡಿದ್ದೆ, ಯಾರಾದರೂ ಅವನಿಗೆ ಆ ಪುಸ್ತಕ ಕೊಡಿಸಬಾರದಿತ್ತಾ ಅಂತ. ಅದು ಸಿನಿಮಾ ಕಣೇ ಅಂದಿದ್ದಳು ಅಮ್ಮ. ಸಿನಿಮಾ ಆದರೇನು?

ಹಾಗಾಗಿ ನನ್ನ ಚಿತ್ರದಲ್ಲಿ ರಾಮು ಕಂಬಳಿಕೊಪ್ಪೆ ಹಾಕಿಕೊಂಡು ಹಲಸಿನ ಮರದ ಬುಡದಲ್ಲಿ ಕೂತಿದ್ದಾನೆ, ತೊಡೆ ಮೇಲೆ ದಪ್ಪ ಪುಸ್ತಕ ಬಿಚ್ಚಿಕೊಂಡಿದೆ, ಸುತ್ತ ಸಣ್ಣ ಮಳೆ. ಕಂಬಳಿಯೂ ಇದೆ, ಪುಸ್ತಕವೂ ಇದೆ. ಇಂಥ ದೃಶ್ಯ ಸಿನಿಮಾದಲ್ಲಿಲ್ಲ, ಇಲ್ಲ ಅಂತಲೇ ಬರೆಯುತ್ತಿರೋದು.

ಇದಕ್ಕೆ ಫ್ಯಾನ್ ಆರ್ಟ್ ಅಂತಾರೆ ಅಂತ ಮಗಳು ಹೇಳಿದಳು. ಹೆಸರು ಹೊಸದು, ಕೆಲಸ ನಮ್ಮಲ್ಲಿ ಎಂದಿನಿಂದಲೂ ಇದೆ. ಆಟೋಗಳ ಹಿಂದೆ ಶಂಕರ್‌ನಾಗ್ ಇನ್ನೂ ನಗುತ್ತಿಲ್ವಾ? 1980ರ 'ಆಟೋ ರಾಜ' ನೋಡದ ಹುಡುಗರೂ ಅವರನ್ನು ಹೊತ್ತುಕೊಂಡು ಓಡಾಡುತ್ತಾರೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ಮುಗಿಲೆತ್ತರದ ಕಟೌಟ್ ನಿಲ್ಲಿಸುತ್ತಿದ್ದರಲ್ಲ, ಫ್ಲೆಕ್ಸ್ ಬರುವ ಮೊದಲು ಅವನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಅಂಗೈಯಗಲದ ಫೋಟೋ ಮೇಲೆ ಚೌಕ ಎಳೆದು, ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಲಗೆ ಮೇಲೆ ಎಳೆದು, ಒಂದೊಂದೇ ಚೌಕ ತುಂಬಿಕೊಂಡು ಹೋಗುವುದು. ಹತ್ತಿರ ನಿಂತರೆ ಬರೀ ಬಣ್ಣದ ಪಟ್ಟೆ, ರಸ್ತೆ ದಾಟಿ ತಿರುಗಿ ನೋಡಿದರೆ ಅಣ್ಣಾವ್ರು!

ಆ ಚೌಕದ ವಿದ್ಯೆ ನಮಗೂ ಬಂದಿತ್ತು. ಸ್ಕೂಲಿನಲ್ಲಿದ್ದಾಗ ನನ್ನ ಒಡಹುಟ್ಟಿದ ಅಕ್ಕ ಜೋಪಾನ ಮಾಡಿಟ್ಟಿದ್ದ 'ರೂಪತಾರಾ' ಸಿನಿಮಾ ಪತ್ರಿಕೆಯ ನಡುಪುಟದ ಮೇಲೆ ನಾನು ಸ್ಕೇಲು ಇಟ್ಟು ಪೆನ್ಸಿಲ್ ಗೆರೆ ಎಳೆದುಬಿಟ್ಟಿದ್ದೆ. ರಬ್ಬರಿನಲ್ಲಿ ಅಳಿಸಿಕೊಡ್ತೀನಿ ಅಂದರೂ ಕೇಳದೆ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ನಾನು ಬರೆದ ರಾಜ್‌ಕುಮಾರ್ ನೋಡಿ, "ಮೂಗು ಸರಿಯಾಗಿದೆ" ಅಂದಳು. ಅಷ್ಟು ಸಾಕಾಗಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಟ್ಯಾಬ್ ವಿಷಯಕ್ಕೆ ಬರ್ತೀನಿ. ಅದರಲ್ಲಿ ಕ್ರಿತಾ ಅಂತ ಒಂದು ತಂತ್ರಾಂಶ ಇದೆ, ಕಾಸು ಕೊಡಬೇಕಾಗಿಲ್ಲ. ಸ್ವೀಡನ್ನಿನವರ ಮಾತಿನಲ್ಲಿ ಆ ಪದಕ್ಕೆ ಸೀಮೆಸುಣ್ಣ, ಬಣ್ಣದ ಕಡ್ಡಿ ಅಂತ ಅರ್ಥವಂತೆ. ನಮ್ಮ ಬಳಪ ಅನ್ನಿ. ಅದರ ಗುರುತಿನ ಪ್ರಾಣಿ ಯಾವುದು ಗೊತ್ತಾ? ಅಳಿಲು! ಕಿಕಿ ಅಂತ ಹೆಸರು. ಅದನ್ನು ನೋಡಿದಾಗ ನನಗೆ ರೋಮಾಂಚನವಾಯಿತು. ಯಾಕೆಂದರೆ ನಮ್ಮ ಮೈಸೂರು ಶೈಲಿಯ ಚಿತ್ರಗಾರರು ಹಿಂದೆ ಅಳಿಲಿನ ಕೂದಲಿನಿಂದಲೇ ಕುಂಚ ಕಟ್ಟಿಕೊಳ್ಳುತ್ತಿದ್ದರು. ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿ, ಅದರಲ್ಲೇ ಮೊದಲ ಗೆರೆ ಎಳೆಯುತ್ತಿದ್ದರು. ಎಲ್ಲಿಯ ಜಗನ್ಮೋಹನ ಅರಮನೆಯ ಗೋಡೆಯ ಚಿತ್ರಗಳು, ಎಲ್ಲಿಯ ಟ್ಯಾಬು! ನಡುವೆ ಅಳಿಲೊಂದು ಓಡಾಡಿಕೊಂಡಿದೆ ನೋಡಿ.

ನಾನೂ ಮೊದಲ ಗೆರೆಗೆ ಇದ್ದಿಲಿನ ಥರದ ಕುಂಚವನ್ನೇ ಆರಿಸಿಕೊಂಡೆ. ಟ್ಯಾಬಿನ ಬರೆಯುವ ಕಡ್ಡಿಯನ್ನು ಒತ್ತಿದರೆ ಗೆರೆ ದಪ್ಪ, ಹಗುರ ಬಿಟ್ಟರೆ ಎಳೆ. ಗಾಜಿನ ಮೇಲೆ ಕೈ ಜಾರುತ್ತದೆ, ಕಾಗದದ ಹಿಡಿತ ಇಲ್ಲ, ಒಂದು ವಾರ ಬರೀ ವೃತ್ತ ಬರೆದೇ ಕೈ ಪಳಗಿಸಿದೆ. ಬೊಟ್ಟಿನಗಲದ ಚಿತ್ರ ಒಂಬತ್ತು ಬರೆದೆ, ಹುಡುಗ ಎಲ್ಲಿ ಕೂರಬೇಕು, ಮರ ಎಡಕ್ಕಾ ಬಲಕ್ಕಾ ಅಂತ. ಏಳನೆಯದು ಹಿಡಿಸಿತು. ಅದನ್ನು 2480ಕ್ಕೆ 3508 ಪಿಕ್ಸೆಲ್ ಹಾಳೆಗೆ ಏರಿಸಿದೆ. ಅಷ್ಟಿದ್ದರೆ ಎ4 ಕಾಗದದಲ್ಲಿ ಪ್ರಿಂಟು ಹಾಕಿಸಿದಾಗ ಇಂಚಿಗೆ 300 ಚುಕ್ಕಿ ಸರಿಯಾಗಿ ಬೀಳುತ್ತೆ.

ಲೇಯರ್ ಅನ್ನುವುದನ್ನು ಅಕ್ಕನಿಗೆ ಹೇಗೆ ಹೇಳುವುದು ಅಂತ ಯೋಚಿಸಿದೆ. ಬೆಣ್ಣೆ ಕಾಗದ ಗೊತ್ತಲ್ಲ ಅಕ್ಕ, ರಂಗೋಲಿ ಪುಸ್ತಕದ ಮೇಲಿಟ್ಟು ಗೆರೆ ಇಳಿಸಿಕೊಳ್ತಿದ್ವಲ್ಲ, ಅದನ್ನೇ ಒಂದರ ಮೇಲೊಂದು ಪೇರಿಸಿದ ಹಾಗೆ. ಒಂದರಲ್ಲಿ ಗೆರೆ, ಒಂದರಲ್ಲಿ ಮೈಬಣ್ಣ, ಒಂದರಲ್ಲಿ ನೆರಳು, ಒಂದರಲ್ಲಿ ಮಳೆ. ಮಳೆ ಬೇಡ ಅನ್ನಿಸಿದರೆ ಅದರ ಪಕ್ಕದ ಕಣ್ಣಿನ ಗುರುತು ಮುಚ್ಚಿಸಿದರಾಯಿತು, ಹುಡುಗ ಒದ್ದೆಯಾಗುವುದಿಲ್ಲ. "ಅಯ್ಯೋ, ಇದು ಅಡುಗೆಗೂ ಇದ್ದಿದ್ರೆ! ಉಪ್ಪನ್ನ ಬೇರೆ ಕಾಗದದಲ್ಲಿ ಹಾಕ್ಬಹುದಿತ್ತು" ಅಂದರು ಅಕ್ಕ. ಎರಡು ಸಂಜೆ ನಾನು ನೆರಳನ್ನೆಲ್ಲ ಗೆರೆಯ ಲೇಯರಿನ ಮೇಲೇ ಬಳಿದುಬಿಟ್ಟಿದ್ದೆ, ಬಿಡಿಸಲು ಬರದ ಹಾಗೆ. ಮತ್ತೆ ಮೊದಲಿನಿಂದ ಮಾಡಿದೆ. ಎರಡನೇ ಸಲದ ನೆರಳೇ ಚೆನ್ನಾಗಿ ಬಂತು.

ಮುಖದ್ದೇ ದೊಡ್ಡ ತಪಸ್ಸು. ಆ ಸಿನಿಮಾದಲ್ಲಿ ರಾಮು ಆಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದಾಗ ಪುನೀತ್‌ಗೆ ಹತ್ತರ ಆಸುಪಾಸು. ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ಇಪ್ಪತ್ತು ಮುಖ ತೆಗೆದಿಟ್ಟುಕೊಂಡೆ. ನಗುವ ಮುಖ, ಬೈಸಿಕೊಂಡ ಮುಖ, ಹೂವು ಕಂಡ ಮುಖ. ಒಂದನ್ನು ಅಡಿಯಲ್ಲಿಟ್ಟು ಹಾಗೇ ಇಳಿಸಿಕೊಳ್ಳಬಹುದು, ತುಂಬ ಜನ ಇಳಿಸಿಕೊಳ್ಳುತ್ತಾರೆ, ಕಲಿಯುವವರಿಗೆ ಅದು ಒಳ್ಳೆಯದೇ. ಆದರೆ ಇಳಿಸಿದ ಮುಖದಲ್ಲಿ ಒಂದು ಕ್ಷಣ ಮಾತ್ರ ಇರುತ್ತೆ. ನನಗೆ ಇಪ್ಪತ್ತೂ ಬೇಕಿತ್ತು. ಅದಕ್ಕೆ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ ನೋಡಿ ಬರೆದೆ. ನೋಡುತ್ತಾ ಹೋದ ಹಾಗೆ ಒಂದು ವಿಷಯ ತಿಳಿಯಿತು. ಆ ಹುಡುಗನ ಹೋಲಿಕೆ ಇರೋದು ಮೂಗಿನಲ್ಲೂ ಅಲ್ಲ, ಬಾಯಲ್ಲೂ ಅಲ್ಲ. ನಕ್ಕಾಗ ಕೆನ್ನೆ ಮೇಲೆದ್ದು ಕಣ್ಣಿನ ಕೆಳರೆಪ್ಪೆಯನ್ನು ಒಂಚೂರು ಒತ್ತುತ್ತೆ, ಅಲ್ಲಿ. ಒಂದು ಕೂದಲೆಳೆ ಆಚೀಚೆಯಾದರೂ ಬೇರೆ ಯಾರದೋ ಮಗ.

ಅದನ್ನು ಹಿಡಿಯಲು ಒಂದು ಉಪಾಯ ಉಂಟು. ಗುಂಡಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುತ್ತೆ. ನೋಡಿ ನೋಡಿ ರೂಢಿಯಾದ ಕಣ್ಣಿಗೆ ಕಾಣದ ಓರೆಕೋರೆಯೆಲ್ಲ ಥಟ್ಟನೆ ಎದುರು ಬಂದು ನಿಲ್ಲುತ್ತೆ. ನನ್ನ ರಾಮುವಿನ ಎಡಗಣ್ಣು ಮೇಲೇರಿತ್ತು. ಸೀರೆ ಉಟ್ಟಾಗ ಕನ್ನಡಿ ಮುಂದೆ ನಿಂತರೇ ನೆರಿಗೆ ಓರೆ ಗೊತ್ತಾಗೋದು, ಅಲ್ವಾ?

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ನಂತರ ಅವರ ಚಿತ್ರ ಎಷ್ಟು ಬಂದವು ಅಂತ ನಿಮಗೆ ನೆನಪಿರಬೇಕು. ರೆಕ್ಕೆ ಬಂದ ಅಪ್ಪು, ಅಪ್ಪಾಜಿ ರಾಜ್‌ಕುಮಾರ್ ಪಕ್ಕ ಕೂತ ಅಪ್ಪು, ಗೋಡೆಗಳ ಮೇಲೆ, ಫೋನುಗಳಲ್ಲಿ, ದೋಸೆ ಅಂಗಡಿಯ ಮೆನು ಬೋರ್ಡಿನ ಮೂಲೆಯಲ್ಲಿ. ನನಗೆ ಆಗ ಕೈಯೇ ಏಳಲಿಲ್ಲ. ಇಷ್ಟು ವರ್ಷ ಕಳೆದ ಮೇಲೆ ಬರೆಯಲು ಕೂತರೆ ದೊಡ್ಡವನಾದ ಅಪ್ಪು ಬರಲಿಲ್ಲ, ಈ ಹುಡುಗನೇ ಬಂದ.

ಬಣ್ಣಕ್ಕೆ ಮೊದಲು ಇಡೀ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿದೆ. ಕಂಬಳಿಯೂ ಮರದ ಬುಡವೂ ಒಂದೇ ಬೂದಿ ಬಣ್ಣದಲ್ಲಿ ಕಲೆತುಹೋಗಿದ್ದವು, ಹುಡುಗ ಮರಕ್ಕೇ ಅಂಟಿಕೊಂಡಂತಿದ್ದ. ಹಿಂದಿನ ಕಾಡಿಗೆ ಮಂಜು ಕವಿಸಿದ ಮೇಲೆ ಅವನು ಬಿಡಿಸಿಕೊಂಡು ಈಚೆ ಬಂದ. ಇನ್ನು ಮುಖದ ಬೆಳಕು. ಕಂಬಳಿ ಕೊಪ್ಪೆಯೊಳಗೆ ಮುಖ ಅಂದರೆ ಕತ್ತಲೆ ತಾನೇ? ಒಂದು ಭಾನುವಾರ ಅಕ್ಕನ ಮೊಮ್ಮಗನನ್ನು ನಮ್ಮ ಜಗಲಿ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಮನೆಯಲ್ಲಿದ್ದ 'ರಾಮಾಯಣ ದರ್ಶನಂ' ಪ್ರತಿಯನ್ನೇ ತೊಡೆ ಮೇಲೆ ಬಿಚ್ಚಿಟ್ಟೆ. ಕೂಲಿ ಎರಡು ಚಕ್ಕುಲಿ. ಆಗ ಕಂಡಿತು. ಬಿಳೀ ಹಾಳೆಗೆ ಬಿದ್ದ ಬೆಳಕು ಪುಟಿದು ಗಲ್ಲದ ಅಡಿಗೆ, ಮೂಗಿನ ಹೊಳ್ಳೆಗೆ, ಹುಬ್ಬಿನ ಕೆಳಗೆ ಬೀಳುತ್ತೆ! ಮೇಲಿಂದ ಕಂಬಳಿಯ ನೀಲಿಗಪ್ಪು, ಕೆಳಗಿಂದ ಪುಸ್ತಕದ ಬೆಳಕು. ಪುಸ್ತಕ ಓದುವ ಮಗುವಿನ ಮುಖ ಬೆಳಗುತ್ತೆ ಅಂತ ನಾವು ಮಾತಿಗೆ ಹೇಳ್ತೀವಲ್ಲ, ಅದು ಅಕ್ಷರಶಃ ನಿಜ. ಆವತ್ತು ರಾತ್ರಿ ಆ ಗಲ್ಲದ ಅಡಿಯ ಬೆಳಕೊಂದನ್ನೇ ಎರಡು ಗಂಟೆ ಬರೆದೆ.

ಕಂಬಳಿ ಕರಿಯದು ಅಂತ ಕರಿ ಬಣ್ಣ ತುಂಬಿದರೆ ತೂತು ಬಿದ್ದ ಹಾಗೆ ಕಾಣುತ್ತೆ. ಬಿಸಿಲಿಗೆ ಹಿಡಿದು ನೋಡಿ, ಅದರಲ್ಲಿ ಕಂದು ಇದೆ, ಬೂದಿ ಇದೆ, ಅಲ್ಲಲ್ಲಿ ಬಿಳಿ ಕುರಿಯ ಒಂದೊಂದು ಎಳೆ ಇದೆ. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ, ಅದಕ್ಕೇ ಕೊಪ್ಪೆಯ ಮೂಲೆ ನೆಟ್ಟಗೆ ನಿಲ್ಲುತ್ತೆ. ಮಳೆ ನೀರೂ ಥಟ್ಟನೆ ಒಳಗಿಳಿಯದೆ ಮುತ್ತಾಗಿ ಜಾರುತ್ತೆ. ಇದ್ದಿಲಿಗೂ ಹುಣಸೆ, ಕಂಬಳಿಗೂ ಹುಣಸೆ! ತವರಿಂದ ತಂದ ಅಪ್ಪನ ಹಳೇ ಕಂಬಳಿಯ ತುದಿಯನ್ನು ಹತ್ತಿರದಿಂದ ಫೋಟೋ ತೆಗೆದು, ಆ ನೇಯ್ಗೆಯಿಂದಲೇ ಟ್ಯಾಬಿನಲ್ಲಿ ಒಂದು ಕುಂಚ ಮಾಡಿಕೊಂಡೆ. ಎಳೆದಲ್ಲೆಲ್ಲ ಅಪ್ಪನ ಕಂಬಳಿ ಮೂಡುತ್ತೆ. ಮೊನ್ನೆ ರಾತ್ರಿ ದೀಪ ಆರದೆ ಇದ್ದದ್ದು ಇದಕ್ಕೆ.

ಪುಸ್ತಕದ ಹೆಸರನ್ನು ಅಚ್ಚಿನ ಅಕ್ಷರದಲ್ಲಿ ಹಾಕಲು ಬೇರೊಂದು ಆ್ಯಪಿನಲ್ಲಿ ನೋಡಿದೆ, 'ಶ್ರೀ' ಒಡೆದು ಶ, ರ, ಈ ಅಂತ ಬೇರೆ ಬೇರೆ ಸಂಸಾರ ಹೂಡಿತು. ಕೈಯಲ್ಲೇ ಬರೆದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕಾವ್ಯ, ಅದರ ಹೆಸರಿನ ಒತ್ತು, ದೀರ್ಘ, ಸೊನ್ನೆಗಳನ್ನೆಲ್ಲ ಕೈಯಲ್ಲಿ ತಿದ್ದುವಾಗ ಎಷ್ಟು ಸುಖ ಅನ್ನಿಸಿತು ಗೊತ್ತಾ?

ಇನ್ನು ಹೂವು. ನಮಗೆ ಬೆಟ್ಟದ ಹೂವು ಅಂದರೆ ಸೀತಾಳೆದಂಡೆಯೇ. ತೀರ್ಥಹಳ್ಳಿ ಕಡೆ ತವರಿನ ಹಲಸಿನ ಮರದ ಕವಲಿನಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ನರಿಬಾಲದಂತೆ ಜೋಲುತ್ತಿತ್ತು. ಬಿಳಿ ಎಸಳು, ಅದರ ಮೇಲೆ ನೇರಳೆ ಗುಲಾಬಿ ಚುಕ್ಕಿ, ಒಂದು ದಂಡೆಯಲ್ಲಿ ನೂರಕ್ಕೂ ಮೇಲೆ ಹೂವು. ಸೀತಮ್ಮ ಮುಡಿದಿದ್ದಳು ಅಂತ ಅಜ್ಜಿ ಹೇಳುತ್ತಿದ್ದಳು. ರಾಮಾಯಣ ಓದುವ ಹುಡುಗನ ತಲೆ ಮೇಲೆ ಅದೇ ತೂಗಬೇಕಲ್ವಾ? ಒಂದು ಹೂವು ಬರೆದು ನಕಲು ಮಾಡಿ ಅಂಟಿಸುತ್ತಾ ಹೋಗಬಹುದಿತ್ತು, ಮನಸ್ಸು ಬರಲಿಲ್ಲ. ಒಂದೊಂದೇ ಬರೆದೆ. ಅರವತ್ತೆಂಟಾಗಿದೆ.

ನೋಡೋಣ ಅಂತ ನಿನ್ನೆ ಒಂದು ಪ್ರಿಂಟು ಹಾಕಿಸಿಕೊಂಡು ಬಂದೆ. ಟ್ಯಾಬಿನಲ್ಲಿ ಮಿಂಚುತ್ತಿದ್ದ ಹಸಿರು ಕಾಗದದಲ್ಲಿ ಸೊರಗಿತ್ತು. ಪರದೆ ಬೆಳಕಿನಲ್ಲಿ ಬಣ್ಣ ಕಟ್ಟುತ್ತೆ, ಕಾಗದ ಶಾಯಿಯಲ್ಲಿ. ಆ ಎಳೆ ಹಸಿರು ಶಾಯಿಗೆ ನಿಲುಕದು. ಕಾಡನ್ನು ಇನ್ನೊಂದು ಚೂರು ಹಳದಿಗೆ ತಿರುಗಿಸಬೇಕು ಅಂದುಕೊಂಡು, ಪ್ರಿಂಟನ್ನು ಗೋಡೆಯ ಮೇಲಿಂದ ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಮಾವಿನ ಮರಕ್ಕೂ ತೆಂಗಿನ ನಾರಿನಲ್ಲಿ ಕಟ್ಟಿದ ಸೀತಾಳೆದಂಡೆ ಇದೆ, ದಿನಾ ಅಕ್ಕಿ ತೊಳೆದ ನೀರು ಚಿಮುಕಿಸುತ್ತಾರೆ. ಹುಡುಗನ ಕೆನ್ನೆ ಸವರಿದರು. ಆಮೇಲೆ ಬೆರಳು ಮೇಲೆ ಹೋಗಿ ಹೂವಿನ ಬುಡದ ಹತ್ತಿರ ನಿಂತಿತು.

"ಮಳೆ ಬರ್ತಿದೆ ಅಂದ್ರಿ. ಬೇರು ಯಾಕೆ ಬೆಳ್ಳಗಿದೆ?"

ನಿಜ. ಆ ಗಿಡದ ಬೇರು ಮಣ್ಣಿಗಿಳಿಯದೆ ಗಾಳಿಯಲ್ಲೇ ಇರುತ್ತೆ. ಒಣಗಿದಾಗ ಬೆಳ್ಳಿಬೂದಿ, ನೀರು ಬಿದ್ದ ಕೂಡಲೇ ಹಸಿರು. ನಾನು ನೋಡಿ ಬರೆದದ್ದು ಮೇ ತಿಂಗಳ ಬಿಸಿಲಿನಲ್ಲಿ ತೆಗೆದ ಫೋಟೋ. ಅಕ್ಕ ಒಂದು ಚೊಂಬು ನೀರು ತಂದು ಮಾವಿನ ಮರಕ್ಕೆ ಕಟ್ಟಿದ್ದ ಸೀತಾಳೆದಂಡೆಯ ಬೇರುಗಳ ಮೇಲೆ ಹೊಯ್ದರು. ನಾನು ಗೋಡೆಗೆ ಒರಗಿಕೊಂಡು ನೋಡುತ್ತಾ ನಿಂತೆ, ತುದಿಯಿಂದ ಶುರುವಾಗಿ ಹಸಿರು ಹೇಗೆ ಮೇಲೇರುತ್ತೆ ಅಂತ. ಸಂಡಿಗೆ ತಟ್ಟೆ ಇನ್ನೂ ಗೋಡೆ ಮೇಲೇ ಇತ್ತು.