ಜಂಗಮವಾಣಿ ಪಕ್ಷಾಂತರದ ಪೂರ್ವಪರೀಕ್ಷಾ ಮೀಮಾಂಸೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನು ಅನುಲಕ್ಷಿಸಿ

ಪ್ರವೇಶಿಕೆ

ಜಾಗತೀಕರಣೋತ್ತರ ಸಂಕಥನಗಳ ಬಹುಮುಖಿ ನೆಲೆಗಳಲ್ಲಿ, ಅಂಗೈ ಮತ್ತು ಅಸ್ಮಿತೆಗಳ ನಡುವಣ ಅನುಸಂಧಾನವು ಪಡೆದುಕೊಳ್ಳುತ್ತಿರುವ ಪಲ್ಲಟಗಳನ್ನು ಮುಖಾಮುಖಿಯಾಗಿಸಬೇಕಾದ ತಾತ್ವಿಕ ಅಗತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಂದರೆ, ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗಬೇಕೋ ಬೇಡವೋ ಎಂಬುದು ಪ್ರಬಂಧಕಾರನಿಗೆ ಬಗೆಹರಿದಿಲ್ಲ. ಮೊದಲ ವಾಕ್ಯವನ್ನು ಬಿಟ್ಟು ಎರಡನೆಯದರಿಂದಲೇ ಶುರು ಮಾಡಿದ್ದರೆ ಈ ಪ್ರಬಂಧವನ್ನು ಯಾವ ವಿಚಾರ ಸಂಕಿರಣದವರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪ್ರಮಾಣಪತ್ರವೂ ಇಲ್ಲ, ಊಟದ ಕೂಪನ್ನೂ ಇಲ್ಲ.

ಅಧ್ಯಯನದ ವ್ಯಾಪ್ತಿ ನಾಲ್ಕು ತಾಲೂಕು. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಯ ಪಾಲಿಗೆ ಬಂದದ್ದು ಈ ನಾಲ್ಕೇ. ಆಮೇಲೆ ಹುಟ್ಟಿದ ಕುಕನೂರು, ಕನಕಗಿರಿ, ಕಾರಟಗಿಗಳನ್ನು ಮುಂದಿನ ಸಂಶೋಧಕರಿಗೆ ಬಿಟ್ಟುಕೊಡಲಾಗಿದೆ. ಗೊತ್ತಿಲ್ಲದ್ದನ್ನು ಮುಂದಿನವರಿಗೆ ಬಿಡುವುದು ನಮ್ಮ ಸಂಶೋಧನಾ ಪರಂಪರೆಯ ದೊಡ್ಡ ಔದಾರ್ಯ.

ಪೂರ್ವಾಧ್ಯಯನಗಳ ಸಮೀಕ್ಷೆ

ಎದುರಾಳಿ ಪಾಳೆಯದ ಫೋನನ್ನು ಕೊಳ್ಳುವ ಮೊದಲು ಬಳಸಿ ನೋಡುವ ಪದ್ಧತಿ ಪಾಶ್ಚಾತ್ಯ ಜಗತ್ತಿನಲ್ಲಿ ಸಾಕಷ್ಟು ಬೆಳೆದಿದೆ. 2015ರ ಆಗಸ್ಟಿನಲ್ಲಿ ಸ್ಯಾಮ್ಸಂಗ್ ಕಂಪನಿ ಅಮೆರಿಕದ ಐಫೋನ್ ಬಳಕೆದಾರರಿಗೆ ಒಂದೇ ಡಾಲರಿಗೆ 30 ದಿನ ತನ್ನ ದೊಡ್ಡ ಫೋನನ್ನು ಮನೆಗೆ ಕಳಿಸಿಕೊಟ್ಟಿತು. ಮರುತಿಂಗಳೇ ಆ್ಯಪಲ್ ತನ್ನ ಕಡೆ ಬರುವವರ ಸಾಮಾನು ಸರಂಜಾಮು ಸಾಗಿಸಲು ‘ಮೂವ್ ಟು ಐಒಎಸ್’ ಎಂಬ ಆ್ಯಪನ್ನು ಆಂಡ್ರಾಯ್ಡ್ ಅಂಗಡಿಯಲ್ಲೇ ತಂದಿಟ್ಟಿತು. ಆಂಡ್ರಾಯ್ಡ್ ಭಕ್ತರು ಮುಗಿಬಿದ್ದು ಒಂದೊಂದೇ ನಕ್ಷತ್ರ ಕೊಟ್ಟು ತಮ್ಮ ನಿಷ್ಠೆ ಮೆರೆದರು. 2021ರಲ್ಲಿ ನ್ಯೂಜಿಲೆಂಡಿನಲ್ಲಿ ಸ್ಯಾಮ್ಸಂಗ್ ‘ಐಟೆಸ್ಟ್’ ಎಂಬುದನ್ನು ತಂದಿತು. ಐಫೋನಿನಲ್ಲಿ ಅದರ ಪುಟ ತೆರೆದರೆ ಪರದೆಯೆಲ್ಲ ಗ್ಯಾಲಕ್ಸಿ ಫೋನಿನ ವೇಷ ಹಾಕುತ್ತಿತ್ತು. ಹುಸಿ ಮೆಸೇಜುಗಳೂ ಬರುತ್ತಿದ್ದವು. ಸಾಲ ವಾಪಸು ಕೇಳದ ಮೆಸೇಜುಗಳು ಬರುವ ಫೋನು ಯಾರಿಗೆ ಹಿಡಿಸುವುದಿಲ್ಲ?

ಈ ಪದ್ಧತಿಗಳು ಮುನಿರಾಬಾದ್ ಡ್ಯಾಮಿನ ಈಚೆಗೆ ಬಂದಿಲ್ಲ. ನಮ್ಮ ಸೀಮೆಯ ದೇಶೀ ಜ್ಞಾನಪರಂಪರೆಯಲ್ಲಿ ಪೂರ್ವಪರೀಕ್ಷೆಯ ಅತ್ಯುನ್ನತ ಮಾದರಿ ದನದ ಸಂತೆಯದು. ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಹಣೆ ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮನಸ್ಸು ಒಪ್ಪದಿದ್ದರೆ ಬಂಡಿಗೆ ಹೂಡಿ ನೋಡುತ್ತಾನೆ. ಇಷ್ಟೆಲ್ಲ ಮಾಡಿಯೂ ‘ಮುಂದಿನ ಸಂತಿಗೆ ಬರ್ತೀನಿ’ ಎಂದು ಎದ್ದು ಹೋದರೆ ಮಾರುವವನು ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ಮನುಷ್ಯ ಮೊಬೈಲ್ ಅಂಗಡಿಗೆ ಬಂದಾಗ ಹಲ್ಲು ಎಲ್ಲಿದೆ ಎಂಬುದೇ ಅವನಿಗೆ ತಿಳಿಯದಂತೆ ಮಾಡಿರುವುದು ಆಧುನಿಕತೆಯ ಸಾಧನೆ ಎಂಬುದನ್ನು ಇಲ್ಲಿ ಗಮನಿಸಬಹುದಾಗಿದೆ. (‘ಗಮನಿಸಬಹುದಾಗಿದೆ’ ಎಂದು ಪುಟಕ್ಕೆ ಮೂರು ಸಲ ಬರೆಯದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.)

ಚಾರಿತ್ರಿಕ ಪರಿಪ್ರೇಕ್ಷ್ಯ

ಈ ನೆಲಕ್ಕೆ ಪ್ಲಾಟ್‌ಫಾರ್ಮ್ ಬದಲಾವಣೆ ಹೊಸದಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಎರಡರಲ್ಲೂ ಸಂದೇಶ ಒಂದೇ, ಮಸ್ಕಿ, ಬ್ರಹ್ಮಗಿರಿಗಳಿಗೆ ಹೋದದ್ದೂ ಹೆಚ್ಚುಕಡಿಮೆ ಅದೇ. ಅಂದರೆ ಫಾರ್ವರ್ಡ್ ಮಾಡುವ ಚಟ ನಮ್ಮಲ್ಲಿ ಕ್ರಿಸ್ತಪೂರ್ವದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡ ಸೌಲಭ್ಯ ಇರಲಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಯಲಬುರ್ಗೆಯನ್ನು ಸಿಂದರು ಆಳಿದರು. ಬಹುಕಾಲದ ಬಳಿಕ ನಿಜಾಮನ ರಾಜ್ಯದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಾಗೀರಾದವು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ನಮ್ಮದೇ ಜಿಲ್ಲೆಯಾಯಿತು. ಯಾವುದಕ್ಕೂ 30 ದಿನದ ಟ್ರಯಲ್ ಇರಲಿಲ್ಲ, ‘ಒಪ್ಪಿದ್ದೇನೆ’ ಎಂದು ಒತ್ತುವ ಬಟನ್ನೂ ಇರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ತಂತ್ರಜ್ಞಾನದ ಭಾಷೆಯಲ್ಲಿ ಇದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಐಕಾನ್ ಬದಲಾಗುತ್ತದೆ, ಬ್ಯಾಟರಿ ಮಾತ್ರ ಮೊದಲಿನಂತೆಯೇ ಮಧ್ಯಾಹ್ನಕ್ಕೆ ಇಳಿಯುತ್ತದೆ.

ವರ್ಗೀಕರಣ

ಪಕ್ಷಾಂತರಾಕಾಂಕ್ಷಿಗಳನ್ನು ಸ್ಥೂಲವಾಗಿ ಏಳು ಬಗೆಯಾಗಿ ವಿಂಗಡಿಸಬಹುದು.

ಅ) ಭಾಗಿನೇಯಪ್ರೇರಿತರು: ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಕ್ಕನ ಮಗನ ಫೋನು ನೋಡಿ ತಮ್ಮ ಫೋನಿನ ಮೇಲೆ ಏಕಾಏಕಿ ಜಿಗುಪ್ಸೆ ಹುಟ್ಟಿದವರು.

ಆ) ಭತ್ತೋತ್ತರರು: ಗಂಗಾವತಿ ಕಡೆಯವರು. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೂ ನೀರು ಬಿಟ್ಟ ವರ್ಷ ಇವರಲ್ಲಿ ಐಫೋನ್ ಆಕಾಂಕ್ಷೆ ಏರುತ್ತದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಫೋನಿನ ಮಾತನ್ನು ಯಾರೂ ಎತ್ತಲಿಲ್ಲ.

ಇ) ಕ್ಯಾಮೆರಾವಾದಿಗಳು: ಇವರಲ್ಲಿ ಅಂಜನಾದ್ರಿ ಬೆಟ್ಟದ ಶಾಖೆ, ಗವಿಮಠದ ಜಾತ್ರೆ ಶಾಖೆ ಎಂದು ಎರಡು ಉಪಶಾಖೆಗಳು. ಅಂಜನಾದ್ರಿ ಶಾಖೆಯವರು ಮೆಟ್ಟಿಲು ಹತ್ತುವಾಗ...

ಉಳಿದ ನಾಲ್ಕು ಬಗೆಗಳನ್ನು ವಿವರಿಸುವ ಉತ್ಸಾಹ ಪ್ರಬಂಧಕಾರನಿಗೆ ಉಳಿದಿಲ್ಲ. ಏಳು ಎಂದು ಹೇಳಿದ್ದೇ ತೂಕ ಬರಲಿ ಅಂತ.

ಕ್ಷೇತ್ರಕಾರ್ಯ

ಗಂಗಾವತಿಯ ಒಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಐಫೋನ್ ಮಲಗಿತ್ತು. ಬಿಸಿಲು ನೆತ್ತಿಗೇರಿದರೂ ಅದರ ಪರದೆಯಲ್ಲಿ ಗಂಟೆ 9:41. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ಎತ್ತಿ ತೋರಿಸಿದ ಹೊತ್ತಿನ ಸ್ಮರಣೆಗಾಗಿ ಜಾಹೀರಾತುಗಳಲ್ಲೆಲ್ಲ ಅದೇ ಗಳಿಗೆ ಇರುತ್ತದೆ. ಕೈಗೆ ತೆಗೆದುಕೊಂಡರೆ ಹಗುರ. ಪರದೆ ಅಂದುಕೊಂಡದ್ದು ಬರೀ ಸ್ಟಿಕ್ಕರು, ಒಂದು ಮೂಲೆಯಲ್ಲಿ ಕಿತ್ತು ಮೇಲೆದ್ದಿತ್ತು.

‘ನಿಜವಾದದ್ದು ಒಂದು ತೋರಿಸ್ರಿ, ನಡೆಸಿ ನೋಡ್ತೀನಿ’ ಅಂದೆ.

‘ಬಾಕ್ಸ್ ಒಡದ್ರ ನಿಮ್ದ ಆತ್ರಿ ಸರ್. ಇಎಂಐ ಮ್ಯಾಲ ತಗಳ್ರಿ, ತಗಂಡ್ ಮ್ಯಾಲ ಎಷ್ಟ್ ಬೇಕಾದ್ರೂ ಟ್ರಯಲ್ ಮಾಡ್ರಿ.’

ಪೂರ್ವಪರೀಕ್ಷೆಯನ್ನು ಉತ್ತರಪರೀಕ್ಷೆಯಾಗಿಸುವ ಈ ತತ್ವಕ್ಕೆ ಸಂಸ್ಕೃತದಲ್ಲಿ ಹೆಸರಿಡಬೇಕಿತ್ತು. ಇರಲಿ.

ಎರಡನೆಯ ಹಂತದಲ್ಲಿ ಅಕ್ಕನ ಮಗನ ಫೋನನ್ನೇ ಆಕರವಾಗಿ ಬಳಸಿಕೊಳ್ಳಲಾಯಿತು. ಸಿಮ್ ತೆಗೆಯುವ ಕಡ್ಡಿ ಎಂದಿನಂತೆ ಕಳೆದಿತ್ತು. ಅಕ್ಕ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿಪಿನ್ನು ಬಿಚ್ಚಿಕೊಟ್ಟಳು. ಸಿಮ್ ಅತ್ತ ಹೋಯಿತು. ಮೊದಲ ಬಿಕ್ಕಟ್ಟು ಹಿಂದಕ್ಕೆ ಬರುವುದರಲ್ಲೇ ಎದುರಾಯಿತು. ಒಂದು ಪುಟದೊಳಗೆ ಹೊಕ್ಕವನಿಗೆ ಹೊರಗೆ ಬರುವ ಬಾಗಿಲು ಕಾಣಲಿಲ್ಲ. ‘ಮಾಮಾ, ಇದ್ರಾಗ ಬ್ಯಾಕ್ ಬಟನ್ ಇರಂಗಿಲ್ಲ. ಎಡಗಡಿ ಅಂಚಿನಿಂದ ಮೆತ್ತಗ ಒರಸ್ರಿ’ ಅಂದ ಅಳಿಯ. ಒರೆಸಿದೆ. ‘ಅಷ್ಟ್ ಜೋರಲ್ರೀ, ಅದೇನ್ ಕರಿಹಲಗಿ ಅಲ್ಲ.’

ಸಂಜೆ ಒಗ್ಗರಣಿ ಮಿರ್ಚಿ ತಿಂದು ದುಡ್ಡು ಕೊಡಲು ನನ್ನ ಹಳೆಯ ಫೋನು ತೆಗೆದರೆ ಅದು ಕೆಲಸವನ್ನೇ ನಿಲ್ಲಿಸಿತ್ತು. ಯುಪಿಐ ಆ್ಯಪು ಸಿಮ್ ಮತ್ತು ಫೋನು ಎರಡನ್ನೂ ಗಂಟು ಹಾಕಿ ನೋಡುತ್ತದೆ, ಸಿಮ್ ಊರು ಬಿಟ್ಟರೆ ಅದಕ್ಕೆ ಅನುಮಾನ. ಹೊಸ ಫೋನಿನಲ್ಲಿ ನೋಂದಾಯಿಸೋಣವೆಂದರೆ, ಅದರಿಂದಲೇ ಬ್ಯಾಂಕಿಗೆ ಮೆಸೇಜು ಹೋಗಿ ಖಾತೆ ಅತ್ತ ಅಂಟಿಕೊಳ್ಳುತ್ತದೆ. ಅದರ ಮೇಲೆ 5,000 ರೂಪಾಯಿಯ ಮಿತಿ: ಆಂಡ್ರಾಯ್ಡಿಗೆ ಮೊದಲ 24 ತಾಸು, ಐಫೋನಿಗೆ 72 ತಾಸು. ಅಳಿಯನ ಫೋನಿನಲ್ಲಿ ನನ್ನ ಖಾತೆ ಕೂರಿಸಲು ಅವನಿಗೂ ಮನಸ್ಸಿಲ್ಲ, ನನಗೂ ಧೈರ್ಯವಿಲ್ಲ. ಮಿರ್ಚಿಯ ದುಡ್ಡು ಅಳಿಯ ಕೊಟ್ಟ.

ವಾಟ್ಸಾಪಿನ ಕಥೆ ಇನ್ನೂ ಸ್ವಾರಸ್ಯದ್ದು. ಆಂಡ್ರಾಯ್ಡಿನಿಂದ ಹಳೆಯ ಮಾತುಕತೆಯನ್ನೆಲ್ಲ ಐಫೋನಿಗೆ ಸಾಗಿಸುವ ದಾರಿ 2022ರಲ್ಲಿ ಬಂದಿತು. ಆದರೆ ಆ ಐಫೋನು ಹೊಚ್ಚಹೊಸದಿರಬೇಕು, ಇಲ್ಲವೇ ಪೂರ್ತಿ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿದ್ದಿರಬೇಕು. ಪರರ ಫೋನಿನಲ್ಲಿ ನಮ್ಮ ಬದುಕನ್ನು ನಡೆಸಿ ನೋಡಬೇಕಾದರೆ ಮೊದಲು ಅವರ ಬದುಕನ್ನು ಅಳಿಸಬೇಕು. 1985ರ ಪಕ್ಷಾಂತರ ನಿಷೇಧ ಕಾಯ್ದೆಗೆ ಕರ್ನಾಟಕದ ಶಾಸಕರು 2008ರಲ್ಲಿ ಕಂಡುಕೊಂಡ ಉಪಾಯವೂ ಇದೇ: ರಾಜೀನಾಮೆ ಕೊಟ್ಟು ಖಾಲಿಯಾಗು, ಹೊಸ ಚಿಹ್ನೆಯ ಮೇಲೆ ಮತ್ತೆ ಆರಿಸಿ ಬಾ. ಅವರಿಗೆ ಡೇಟಾ ಕಳೆದುಕೊಳ್ಳುವ ಭಯ ಇರಲಿಲ್ಲ.

ಹೀಗಾಗಿ ನಾನು ಅಳಿಯನ ಫೋನಿನಲ್ಲಿ ಪರೀಕ್ಷಿಸಿದ್ದು ಏನನ್ನು ಎಂದರೆ, ಒರೆಸುವುದನ್ನು. ಕ್ಯಾಮೆರಾ ಚೆನ್ನಾಗಿದೆ. ಗಾಜು ನುಣುಪಾಗಿದೆ. ನನ್ನ ದುಡ್ಡು, ನನ್ನ ಮಾತು ಎರಡೂ ಅದರೊಳಗೆ ಇರಲಿಲ್ಲ.

ಭಾಷಿಕ ನೆಲೆ

9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ, ಅಂದರೆ ನಮ್ಮ ಕೊಪ್ಪಳವೂ, ಒಂದು. ಇದನ್ನು ಪ್ರತಿ ನವೆಂಬರಿನಲ್ಲಿ ವೇದಿಕೆಗಳ ಮೇಲೆ ಕೇಳಿ ಕೇಳಿ ನಮ್ಮ ಕಿವಿ ದಡ್ಡುಗಟ್ಟಿದೆ. ಆ ಕೊಪಣದಲ್ಲಿ ಮೊದಮೊದಲ ಆಂಡ್ರಾಯ್ಡ್ ಫೋನು ಕೊಂಡವರಿಗೆ ಕನ್ನಡ ಮೆಸೇಜು ಬಂದರೆ ಕಾಣುತ್ತಿದ್ದದ್ದು ಸಾಲು ಸಾಲು ಚೌಕ ಡಬ್ಬಿಗಳು. ಮದುವೆಯ ಕರೆಯೋಲೆಯೂ ಡಬ್ಬಿ, ಸತ್ತ ಸುದ್ದಿಯೂ ಡಬ್ಬಿ. 2014ರ ಆಂಡ್ರಾಯ್ಡ್ 5.0 ಬಂದಾಗ ಮೆನುಗಳೆಲ್ಲ ಕನ್ನಡದಲ್ಲೇ ಸಿಕ್ಕವು.

ಐಫೋನಿಗೆ ಕನ್ನಡದ ಕೀಲಿಮಣೆ ಬಂದದ್ದು 2017ರಲ್ಲಿ. ಅದೇ ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಐಫೋನುಗಳ ಜೋಡಣೆ ಶುರುವಾಯಿತು. ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. 2020ರ ಡಿಸೆಂಬರಿನಲ್ಲಿ ಸಂಬಳ ಸರಿಯಾಗಿ ಸಿಗುತ್ತಿಲ್ಲವೆಂದು ಅಲ್ಲಿಯ ಕಾರ್ಮಿಕರು ಸಿಟ್ಟಿಗೆದ್ದ ಸುದ್ದಿ ಪ್ರಪಂಚಕ್ಕೆಲ್ಲ ಗೊತ್ತಾಯಿತು. ಆ ಫೋನಿನ ಮೆನು, ಸೆಟ್ಟಿಂಗುಗಳು ಕನ್ನಡದಲ್ಲಿ ಬಂದದ್ದು ಯಾವಾಗ? 2025ರಲ್ಲಿ, ಐಒಎಸ್ 18.4ರ ಜೊತೆಗೆ. ಎಂಟು ವರ್ಷ ಕರ್ನಾಟಕದ ಹುಡುಗ ಹುಡುಗಿಯರು ಸ್ಕ್ರೂ ಬಿಗಿದು ಕಳಿಸಿದ ಫೋನು ಅವರ ಭಾಷೆಯಲ್ಲಿ ತನ್ನ ಮೆನು ತೋರಿಸುತ್ತಿರಲಿಲ್ಲ. ಅಶೋಕನನ್ನು ಕ್ಷಮಿಸಬಹುದು, ಅವನ ಕಾಲಕ್ಕೆ ಕನ್ನಡಕ್ಕೆ ಲಿಪಿಯೇ ಇರಲಿಲ್ಲ. ಇವರಿಗೇನಾಗಿತ್ತು? ಫೋನಿನ ಬೆಲೆಯಲ್ಲಿ ನಮಗೆ ಏನಾದರೂ ರಿಯಾಯಿತಿ ಕೊಟ್ಟಿದ್ದರೇ?

ಇಲ್ಲಿ ‘ಅನನ್ಯತೆಯ ರಾಜಕಾರಣ’ ಎಂಬ ಪದಪುಂಜ ಬರಬೇಕು. ಬರೆಯುವ ಮನಸ್ಸಿಲ್ಲ.

ಕಾಯಕ ಬಂಧುವಿನ ಆಕ್ಷೇಪ

ಯಲಬುರ್ಗಾ ತಾಲೂಕಿನ ಒಂದು ಕೆರೆಯಲ್ಲಿ ಹೋದ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆದಿತ್ತು. 2023ರ ಜನವರಿ 1ರಿಂದ ಆ ಯೋಜನೆಯ ಸಾಮುದಾಯಿಕ ಕೆಲಸಗಳಲ್ಲಿ ಕೂಲಿಕಾರರ ಹಾಜರಿಯನ್ನು ಎನ್‌ಎಂಎಂಎಸ್ ಎಂಬ ಆ್ಯಪಿನಲ್ಲೇ ಹಾಕಬೇಕೆಂದು ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೋ, ಜಾಗದ ಗುರುತಿನ ಸಮೇತ. ಅಲ್ಲಿಯ ಕಾಯಕ ಬಂಧು, ಅಂದರೆ ಕೂಲಿಕಾರರ ಹಾಜರಿ ಹಾಕುವ ಮುಂದಾಳು, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಕೈಯಲ್ಲಿದ್ದದ್ದು ಗಾಜು ಸೀಳಿದ ಆಂಡ್ರಾಯ್ಡ್ ಫೋನು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.

‘ಸರಕಾರದವರು ಕೊಟ್ಟಿದ್ದೇನವ್ವ ಫೋನು?’

‘ಯಾರ್ ಕೊಡ್ತಾರ್ರೀ. ಸಂಘದಾಗ ಸಾಲ ತಗಂಡ್ ಕೊಂಡೀನ್ರಿ. ಮುಂಜಾನಿ ಒಂದ್ ಫೋಟೋ, ಮಧ್ಯಾಹ್ನ ಒಂದ್ ಫೋಟೋ. ನೆಟ್‌ವರ್ಕ್ ಸಿಗಲಿಲ್ಲಂದ್ರ ಏರಿ ಮ್ಯಾಲ ಹತ್ತಿ ಹಿಂಗ ಕೈ ಎತ್ತಿ ನಿಂದ್ರಬೇಕ್ರಿ. ಎರಡನೇದು ಹೋಗಲಿಲ್ಲಂದ್ರ ಅಗದದ್ದೂ ಸುಳ್ಳು, ಹೊತ್ತದ್ದೂ ಸುಳ್ಳು.’

ಇಲ್ಲಿ ಪ್ರಬಂಧಕಾರನ ಸೈದ್ಧಾಂತಿಕ ಚೌಕಟ್ಟು ಕಳಚಿಬಿತ್ತು, ಮರುಜೋಡಣೆಗೆ ಅವನು ಪ್ರಯತ್ನಿಸಿಲ್ಲ. ಬಳಕೆದಾರನ ಅನುಭವ, ಆಯ್ಕೆಯ ಸ್ವಾತಂತ್ರ್ಯ, ಎಕೋಸಿಸ್ಟಮ್ ಎಂದು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಉಗುಳುವ ನಮಗೆ ಫೋನು ಆರಿಸಿಕೊಳ್ಳುವ ವಸ್ತು. ಸಲಿಕೆ ಹಿಡಿದವರ ದಿನಗೂಲಿ ಇನ್ನೊಬ್ಬರ ಸಾಲದ ಫೋನಿನ ಬ್ಯಾಟರಿಗೆ ನೇತಾಡುತ್ತಿದೆ. ಅಗೆದ ಗುಂಡಿ ಕಣ್ಣಿಗೆ ಕಾಣುತ್ತದೆ, ಹೊತ್ತು ಹಾಕಿದ ಮಣ್ಣು ಗುಡ್ಡೆಯಾಗಿ ಬಿದ್ದಿದೆ. ಆದರೂ ಸಾಕ್ಷಿ ಹೇಳಬೇಕಾದದ್ದು ಆ್ಯಪು. ಈ ಆ್ಯಪನ್ನು ಯಾರಾದರೂ ಕುಷ್ಟಗಿಯ ಬಿಸಿಲಲ್ಲಿ, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ನಡೆಸಿ ನೋಡಿ ಆಮೇಲೆ ಕಡ್ಡಾಯ ಮಾಡಿದರೇ? ಪೂರ್ವಪರೀಕ್ಷೆ ಬೇಕಾಗಿದ್ದದ್ದು ಅಲ್ಲಿ.

ನಾನು ಯಾವ ಫೋನು ತಗೋಬೇಕೆಂದು ಅಧ್ಯಯನ ಮಾಡುತ್ತಿದ್ದೇನೆಂದು ಆಕೆಗೆ ಹೇಳಿದೆ. ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಆಕೆ ನಗಲಿಲ್ಲ. ನನ್ನ ಕೈಯಿಂದ ಫೋನು ಇಸಿದುಕೊಂಡು ತಿರುಗಿಸಿ ನೋಡಿದಳು. ಸೆರಗಿನಿಂದ ಕ್ಯಾಮೆರಾ ಒರೆಸಿ ಕೆರೆಯ ಕಡೆ ಹಿಡಿದು ಒಂದು ಫೋಟೋ ಹೊಡೆದಳು, ಬೆರಳಿಂದ ಹಿಗ್ಗಿಸಿ ಒಬ್ಬೊಬ್ಬರ ಮುಖ ನೋಡಿದಳು. ಸಿಗ್ನಲ್ಲಿನ ಕಡ್ಡಿ ಎಣಿಸಿದಳು. ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿದಳು. ಬಿಸಿಯಾಗುತ್ತದೋ ಎಂದು ಕೆನ್ನೆಗೆ ಹಚ್ಚಿ ನೋಡಿದಳು.

‘ನೀವು ಹೊಸಾದು ತಗಂಡ್ರ ಇದನ್ನ ಎಷ್ಟಕ್ಕ ಕೊಡ್ತೀರ್ರೀ?’

ನಾನು ಯೋಚಿಸಿಲ್ಲ ಅಂದೆ.

‘ಯೋಚ್ನಿ ಮಾಡ್ರಿ. ಆದ್ರ ರೊಕ್ಕ ಮೊದಲ ಕೊಡಂಗಿಲ್ಲ ನೋಡ್ರಿ. ಒಂದ್ ವಾರ ನನ್ ಕಡಿ ಇರ್ಲಿ. ಏರಿ ಹತ್ತದಂಗ ಫೋಟೋ ಹೋದ್ರ ತಗಂತೀನಿ, ಇಲ್ಲಂದ್ರ ನಿಮ್ದು ನಿಮಗ. ಚಾರ್ಜರ್ ಇದರ ಜತಿಗೇ ಬರ್ತೈತೋ, ಅದು ಬ್ಯಾರೆ ತಗೋಬೇಕೋ?’