ಕೂರ್ಮಗೃಹ ಮೀಮಾಂಸೆ

ಬೆಂಗಳೂರಿನ ನಡುಮನೆಗಳಲ್ಲಿ, ಟೀವಿಯ ಎಡಕ್ಕೆ, ಗಣಪತಿಯ ಬಲಕ್ಕೆ, ಗಾಜಿನ ಪೆಟ್ಟಿಗೆಯಲ್ಲಿ ವಾಸಿಸುವ ಕೆಂಪುಕಿವಿಯ ಆಮೆಗೆ ಎಷ್ಟು ದೊಡ್ಡ ಮನೆ ಬೇಕೆಂಬುದೇ ಈ ಪ್ರಬಂಧದ ಪ್ರಮೇಯ. ಇದಕ್ಕೂ ಮುನ್ನ ಈ ಬಗ್ಗೆ ಗಂಭೀರವಾಗಿ ಚಿಂತಿಸಿದ್ದು ಆಮೆಯೊಂದೇ. ಅದು ಗ್ರಂಥ ಬರೆಯಲಿಲ್ಲವಾದ್ದರಿಂದ ಆ ಹೊಣೆ ನಮ್ಮ ಹೆಗಲಿಗೆ ಬಿದ್ದಿದೆ.

ಪೂರ್ವಪಕ್ಷ. ಅಂಗಡಿಯ ಆಚಾರ್ಯರ ಮತ ಹೀಗಿದೆ: "ತೊಟ್ಟಿ ಎಷ್ಟಿರುತ್ತೋ ಆಮೆ ಅಷ್ಟೇ ಬೆಳೆಯುತ್ತೆ ಸಾರ್." ಈ ದರ್ಶನಕ್ಕೆ ತೊಟ್ಟಿಪ್ರಮಾಣವಾದವೆಂದು ಹೆಸರಿಡೋಣ. ಬಿಸ್ಕತ್ತಿನಷ್ಟಿರುವ ಮರಿಯನ್ನು ಕಂಡವರಿಗೆ ಈ ವಾದ ತಕ್ಷಣ ಮನವರಿಕೆಯಾಗುತ್ತದೆ. ಮನವರಿಕೆಯಾದ ಮೇಲೆ ಪ್ಲಾಸ್ಟಿಕ್ ತೆಂಗಿನಮರ ಉಚಿತ.

ಖಂಡನೆ. ಮಿಸಿಸಿಪ್ಪಿ ಕಣಿವೆಯ ಈ ಪ್ರಾಣಿಗೆ ಸದರಿ ವಾದ ಯಾರೂ ತಿಳಿಸಿಲ್ಲ. ಆದ್ದರಿಂದ ಹೆಣ್ಣು ಸಲೀಸಾಗಿ 25 ಸೆಂ.ಮೀ. ದಾಟಿ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಬೆಳೆಯದೆ ಉಳಿಯುವುದು ತೊಟ್ಟಿ ಮಾತ್ರ. ಸಾಕುವವರು ಒಪ್ಪಿಕೊಂಡಿರುವ ಲೆಕ್ಕ: ಚಿಪ್ಪಿನ ಒಂದೊಂದು ಅಂಗುಲಕ್ಕೆ ಸುಮಾರು 38 ಲೀಟರು ನೀರು. ಹತ್ತು ಅಂಗುಲದ ಆಮೆಗೆ 380 ಲೀಟರು, ಅಂದರೆ ನೀರಿನ ಭಾರವೇ 380 ಕಿಲೋ. ಆಮೆ ಒಳಗೆ ಕೂರುವಷ್ಟರಲ್ಲಿ ಷೋಕೇಸೂ ಕೂತುಬಿಡುತ್ತದೆ.

ವಾಸ್ತುಪಂಡಿತರ ಮತವನ್ನೂ ಅಲಕ್ಷಿಸುವಂತಿಲ್ಲ. ಆಮೆ ಉತ್ತರ ದಿಕ್ಕಿನಲ್ಲಿದ್ದರೆ ಧನ ಚಲಿಸುತ್ತದೆ ಎನ್ನುತ್ತಾರೆ. ನಿಜ, ಚಲಿಸುತ್ತದೆ, ಪಶುವೈದ್ಯರ ಕಡೆಗೆ. ಆಮೆಯ ವಾಸ್ತು ಬೇರೆ: ಈಜಲು ಆಳದ ನೀರು, ಮೈ ಒಣಗಿಸಲು ಒಂದು ದಿಬ್ಬ, ದಿಬ್ಬದ ಮೇಲೆ 32 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿ, ಜೊತೆಗೆ ಯುವಿಬಿ ಎಂಬ ನೇರಳಾತೀತ ಕಿರಣ ಸೂಸುವ ದೀಪ. "ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀವಲ್ಲ" ಎಂಬ ಆಕ್ಷೇಪಕ್ಕೆ ಸಮಾಧಾನ: ಸಾಮಾನ್ಯ ಗಾಜು ಬೆಳಕನ್ನು ಒಳಬಿಟ್ಟು ಯುವಿಬಿ ಕಿರಣವನ್ನು ಹೊರಗೇ ನಿಲ್ಲಿಸುತ್ತದೆ. ಆ ಕಿರಣವಿಲ್ಲದೆ ವಿಟಮಿನ್ ಡಿ3 ಆಗದು, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು, ಚಿಪ್ಪು ಮೆತ್ತಗಾಗುತ್ತದೆ. ದೀಪವಾದರೂ ಕಣ್ಣಿಗೆ ಉರಿಯುತ್ತಿರುವಂತೆಯೇ ಕಂಡು, ತಿಂಗಳುಗಳು ಕಳೆದಂತೆ ಯುವಿಬಿ ಕೊಡುವುದನ್ನು ನಿಲ್ಲಿಸುತ್ತದೆ. ನಿವೃತ್ತಿಗೆ ಹತ್ತಿರವಾದ ಅಧಿಕಾರಿಗಳಲ್ಲೂ ಈ ಲಕ್ಷಣವನ್ನು ಗುರುತಿಸಿದವರುಂಟು. ಅದು ಪ್ರಸ್ತುತ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಾಸಂಗಿಕ. ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಯ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿತು. ಮಕ್ಕಳು ಅದನ್ನು ಮುದ್ದಿಸಿ, ಬಾಯಿಗೂ ಇಟ್ಟುಕೊಂಡು ಸಾಲ್ಮೊನೆಲ್ಲಾ ಸೋಂಕು ತಗುಲಿಸಿಕೊಳ್ಳುತ್ತಿದ್ದರು. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವ ಗೃಹಸ್ಥರು ಈ ಸೂತ್ರವನ್ನು ಎರಡು ಸಲ ಪಠಿಸತಕ್ಕದ್ದು.

ಪಾರುಮಾಡಿ ತಂದ ಪ್ರಾಣಿಯ ತೊಟ್ಟಿಯದು ಬೇರೆಯೇ ಪ್ರಕರಣ. ಅಲ್ಲಿ ಬೆಣಚುಕಲ್ಲು, ಗುಳ್ಳೆ ಬಿಡುವ ನಿಧಿಪೆಟ್ಟಿಗೆ, ಪ್ಲಾಸ್ಟಿಕ್ ಕಾಡು ಯಾವುದೂ ಸಲ್ಲದು. ಬಂದದ್ದು ಇಗ್ವಾನಾ ಎಂಬ ದೊಡ್ಡ ಹಲ್ಲಿಯಾದರೆ, ರೋಗವಿಲ್ಲವೆಂದು ಖಚಿತವಾಗುವವರೆಗೆ ಬೇರೆ ಪ್ರಾಣಿಗಳಿಂದ ದೂರದಲ್ಲಿ, ಬಿಸಿಯೂ ಯುವಿಬಿ ದೀಪವೂ ಇರುವ, ಕೆಳಗೆ ವೃತ್ತಪತ್ರಿಕೆ ಹಾಸಿದ, ಅಡಗಲು ಮರೆಯಿರುವ ಬರಿಯ ಪೆಟ್ಟಿಗೆ ಸಾಕು. ಹಿಕ್ಕೆ ಕಣ್ಣಿಗೆ ಬೀಳಬೇಕು, ಹುಳುವಿದ್ದರೆ ತಿಳಿಯಬೇಕು. ಮುದ್ರಿತ ಪತ್ರಿಕೆಗಳ ಭವಿಷ್ಯದ ಬಗ್ಗೆ ಕೊರಗುವ ಸಂಪಾದಕರು ಇದನ್ನು ಗಮನಿಸಬಹುದು.

ಇನ್ನು ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆ. ಅದಕ್ಕೆ ತಕ್ಕ ತೊಟ್ಟಿಯ ಅಳತೆಯನ್ನು ದೀರ್ಘ ಗಣಿತದಿಂದ ಸಾಧಿಸಿದ್ದೇವೆ: ಸೊನ್ನೆ ಲೀಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಪೆಟ್ಟಿಗೆಯ ಅಳತೆ ಕೇಳಬೇಕಾದವರು ಆಗ ಆಮೆಯಲ್ಲ, ನೀವು.

ನಿರ್ಣಯ. ಮರಿಯನ್ನು ನೋಡಿ ತೊಟ್ಟಿ ಕೊಳ್ಳಕೂಡದು. ಬೆಳೆದ ಆಮೆಯನ್ನು ಮೊದಲು ನೋಡಿ, ಅದಕ್ಕೆ ಜಾಗವಿಲ್ಲದಿದ್ದರೆ ಮರಿಯನ್ನೇ ಕೊಳ್ಳಕೂಡದು. ಈಗಾಗಲೇ ಕೊಂಡು ಬೇಸತ್ತವರು ಅದನ್ನು ರಾತ್ರೋರಾತ್ರಿ ಕೆರೆಗೆ ಬಿಡಬೇಡಿ. ಅಲ್ಲಿನ ನಾಡ ಆಮೆಗಳ ಬಿಸಿಲು, ಆಹಾರ ಎರಡನ್ನೂ ಅದು ಕಸಿದುಕೊಳ್ಳುತ್ತದೆ. ಪ್ರಾಣಿ ರಕ್ಷಣಾ ಕೇಂದ್ರಕ್ಕೆ ಒಂದು ಫೋನು ಮಾಡಿ.